ಒಂದೇ ಲೋಹ, ಒಂದೇ ಕೆಲಸ. ಆದರೂ ಅಲ್ಯುಮಿನಿಯಂ ಮೀನು ಬೋಟು ಒಂದೊಂದು ಕಡೆ ಒಂದೊಂದು ಥರ ಯಾಕೆ?

ಗಾಳಗುಂಡ:
ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಅಮೆರಿಕದಲ್ಲೇ ಮಿನ್ನೆಸೋಟಾ ಬಿಟ್ಟು ವಾಷಿಂಗ್ಟನ್ ರಾಜ್ಯದ ಸಮುದ್ರದ ಕಡೆಗೆ ಬಂದಿದ್ದೇನೆ. ಬೋಟನ್ನೂ ಎಳೆದುಕೊಂಡೇ ಬಂದೆ. 17 ಅಡಿಯದು, ರಿವೆಟ್ ಹೊಡೆದ ಅಲ್ಯುಮಿನಿಯಂ, ವಿ ಆಕಾರದ ತಳ. ಒಳಗೆಲ್ಲ ಕಾರ್ಪೆಟ್, ಮೀನನ್ನು ಜೀವಂತ ಇಡುವ ತೊಟ್ಟಿ, ಮೂತಿಯಲ್ಲಿ ಎಲೆಕ್ಟ್ರಿಕ್ ಮೋಟಾರು. ಅಲ್ಲಿ ಯಾವ ಕೆರೆಗೆ ಹೋದರೂ ಇಂಥವೇ ಕಾಣುತ್ತಿದ್ದವು.

ಇಲ್ಲಿ ಬೇರೆಯದೇ ಲೋಕ. ಬಣ್ಣ ಬಳಿಯದ ಬೋಳು ಲೋಹ, ಎತ್ತರದ ಬದಿ, ಮೇಲೆ ಗಟ್ಟಿ ಚಾವಣಿ, ಹಿಂದೆ ದೊಡ್ಡ ಮೋಟಾರಿನ ಪಕ್ಕ ಒಂದು ಮರಿ ಮೋಟಾರು. ಎಲ್ಲ ವೆಲ್ಡಿಂಗ್. ಇದೆಲ್ಲ ನಿಜವಾಗಿ ಬೇಕಾದದ್ದಾ, ಇಲ್ಲ ಪಕ್ಕದವನ ಹತ್ತಿರ ಇದೆ ಅಂತ ಎಲ್ಲರೂ ಕೊಳ್ಳುವುದಾ? ನನ್ನದನ್ನು ಮಾರಬೇಕಾ, ಇಟ್ಟುಕೊಳ್ಳಲಾ?

ಸುಮ್ನೆಇದ್ದೆ:
ನೀರು ಬೇರೆ, ಬೋಟು ಬೇರೆ. ಥ್ರೆಡ್ ಮುಗಿಯಿತು 😄

ವಾಲ್‌ಐ_ವೀರ:
ಅಷ್ಟು ಬೇಗ ಮುಗಿಸಬೇಡಿ ಸ್ವಾಮಿ. ನೀರೊಂದೇ ಕಾರಣ ಅಲ್ಲ. ಆ ಕಡೆ ಯಾವ ಮೀನು ಹಿಡಿಯುತ್ತಾರೆ, ಹೇಗೆ ಹಿಡಿಯುತ್ತಾರೆ ಅನ್ನುವುದೇ ಬೋಟನ್ನು ಜಾಸ್ತಿ ತಿದ್ದುತ್ತದೆ.

ಮಿನ್ನೆಸೋಟಾದ ಮಿಲ್ ಲ್ಯಾಕ್ಸ್ ಕೆರೆಯನ್ನೇ ತೆಗೆದುಕೊಳ್ಳಿ. 500 ಚದರ ಕಿಲೋಮೀಟರ್‌ಗಿಂತ ದೊಡ್ಡದು, ಆಳ ಮಾತ್ರ ಸುಮಾರು 40 ಅಡಿ. ಇಷ್ಟು ಅಗಲದ, ಇಷ್ಟು ತೆಳುವಾದ ನೀರಿನ ಮೇಲೆ ಗಾಳಿ ಬೀಸಿದರೆ ಉದ್ದನೆಯ ಅಲೆ ಏಳುವುದಿಲ್ಲ. ಗಿಡ್ಡ, ಕಡಿದಾದ, ಒಂದರ ಹಿಂದೊಂದು ಬಂದು ಬಡಿಯುವ ಅಲೆ ಏಳುತ್ತದೆ. ಅದನ್ನು ಸೀಳಲು ಮುಂದೆ ಚೂಪಾದ ವಿ ಬೇಕು. ಇಲ್ಲಿಯವರೆಗೆ ನೀರಿನ ಮಾತು.

ಈಗ ಮೀನಿಗೆ ಬನ್ನಿ. ವಾಲ್‌ಐ ಹಿಡಿಯುವ ಹಳೆಯ ಕ್ರಮ ಬೋಟನ್ನು ಹಿಮ್ಮುಖವಾಗಿ, ತೀರಾ ನಿಧಾನಕ್ಕೆ ಓಡಿಸುವುದು. ಮೋಟಾರಿನ ಹಿಡಿ ಕೈಯಲ್ಲಿರುತ್ತದೆ, ಅಲೆ ಹಿಂಬದಿಯಿಂದ ಬಡಿಯುತ್ತದೆ. ಅದಕ್ಕೇ ಆ ಬೋಟುಗಳ ಹಿಂದೆ ಮೋಟಾರಿನ ಎರಡೂ ಪಕ್ಕ ನೀರು ತಡೆಯುವ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಬೇರೆ ಕಡೆಯವರು ಅದನ್ನು ನೋಡಿ ಏನಿದು ಅಂತ ಕೇಳುತ್ತಾರೆ. ಹಾಗೆ ಮೀನು ಹಿಡಿಯದಿದ್ದರೆ ಅದಕ್ಕೆ ಅರ್ಥವೇ ಇಲ್ಲ.

ಕೊಳದಕಪ್ಪೆ:
ವೀರಣ್ಣ ಹೇಳಿದ್ದು ಸರಿ. ಅಮೆರಿಕದ ದಕ್ಷಿಣದ ರಾಜ್ಯಗಳನ್ನು ನೋಡಿದರೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಅಲ್ಲಿನ ಕೆರೆಗಳಲ್ಲಿ ಬಹುಪಾಲು ಅಣೆಕಟ್ಟಿನ ಹಿನ್ನೀರು. ಎಷ್ಟೋ ಕಡೆ ಕಾಡು ಮುಳುಗಿದೆ, ನೀರಿನಡಿ ಮರದ ಬೊಡ್ಡೆಗಳಿವೆ. ಬಾಸ್ ಮೀನು ಆ ಬೊಡ್ಡೆಗಳ ಸಂದಿಯಲ್ಲೇ ಇರುತ್ತದೆ. ನಿಂತುಕೊಂಡು ಮತ್ತೆ ಮತ್ತೆ ಗಾಳ ಬೀಸಬೇಕು. ಅದಕ್ಕೆ ಮುಂದೆ ಹಿಂದೆ ಎತ್ತರದ ಸಮತಟ್ಟು ಜಗಲಿ, ತಗ್ಗು ಬದಿ, ಹೆಚ್ಚುಕಮ್ಮಿ ಚಪ್ಪಟೆ ತಳ. ಬದಿ ತಗ್ಗಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ಎತ್ತರದ ಬದಿ ಗಾಳಿಗೆ ಪಟದ ಹಾಗೆ ಸಿಗುತ್ತದೆ. ಆಗ ಮೂತಿಯ ಎಲೆಕ್ಟ್ರಿಕ್ ಮೋಟಾರು ಬೋಟನ್ನು ಒಂದು ಕಡೆ ಹಿಡಿದು ನಿಲ್ಲಿಸಲು ಒದ್ದಾಡುತ್ತದೆ.

1978ರಲ್ಲಿ ಮಿಸ್ಸೂರಿಯಿಂದ ಬಾಸ್ ಟ್ರ್ಯಾಕರ್ ಬಂತು. ಬೋಟು, ಮೋಟಾರು, ಟ್ರೇಲರ್ ಮೂರೂ ಸೇರಿ ಒಂದೇ ಬೆಲೆ. ಅಲ್ಲಿಯವರೆಗೆ ಒಂದೊಂದನ್ನೂ ಬೇರೆ ಬೇರೆ ಕೊಂಡು ಜೋಡಿಸಿಕೊಳ್ಳುವುದೇ ರೂಢಿಯಾಗಿತ್ತು. ಆ ಕಡೆಯ ಅಲ್ಯುಮಿನಿಯಂ ಬೋಟಿನ ಮುಖ ಗಟ್ಟಿಯಾದದ್ದು ಅದರಿಂದ ಅಂತ ನನ್ನ ಅನಿಸಿಕೆ.

ರಿವೆಟ್_ರಾಯ:
ಎಲ್ಲರೂ ಆಕಾರದ ಬಗ್ಗೆಯೇ ಮಾತಾಡುತ್ತಿದ್ದೀರಿ. ಮೂಲ ವಿಷಯ ಜೋಡಣೆ. ಎರಡನೇ ಮಹಾಯುದ್ಧ ಮುಗಿದಾಗ ವಿಮಾನ ಕಾರ್ಖಾನೆಗಳ ಕೈಯಲ್ಲಿ ಅಲ್ಯುಮಿನಿಯಂ ತಗಡೂ ಇತ್ತು, ರಿವೆಟ್ ಹೊಡೆಯುವ ಕೆಲಸಗಾರರೂ ಇದ್ದರು. ಯುದ್ಧ ವಿಮಾನ ಮಾಡುತ್ತಿದ್ದ ಗ್ರಮ್ಮನ್ ಕಂಪನಿಯೇ 1945ರಲ್ಲಿ ಅಲ್ಯುಮಿನಿಯಂ ಕನೂ ದೋಣಿ ಮಾಡಲು ಶುರು ಮಾಡಿತು. ಮಿನ್ನೆಸೋಟಾದಲ್ಲಿ 1946ಕ್ಕೆ ಅಲುಮಾಕ್ರಾಫ್ಟ್, 1948ಕ್ಕೆ ಲಂಡ್ ಬೋಟು ಕಂಪನಿಗಳು ಶುರುವಾದವು. ರಿವೆಟ್ ಪದ್ಧತಿ ಬೇರೂರಿದ್ದು ಹೀಗೆ. ಇವತ್ತಿಗೂ ಅದೇ ಒಳ್ಳೆಯದು. ಸಡಿಲವಾದರೆ ಮತ್ತೆ ಬಡಿದು ಬಿಗಿ ಮಾಡಬಹುದು. ವೆಲ್ಡಿಂಗ್ ಬಿರುಕು ಬಿಟ್ಟರೆ ಏನು ಮಾಡುತ್ತೀರಿ?

ಬೆಸುಗೆಭಟ್ಟ:
ಮತ್ತೆ ವೆಲ್ಡ್ ಮಾಡುತ್ತೇವೆ ರಾಯರೇ. ಇನ್ನೇನು ಮಾಡಬೇಕು?

ರಿವೆಟ್_ರಾಯ:
ಕೆರೆ ದಡದಲ್ಲಾ?

ಬೆಸುಗೆಭಟ್ಟ:
ಇಲ್ಲ. ನೀವೂ ರಿವೆಟ್ ಗನ್ನನ್ನು ಜೇಬಲ್ಲಿಟ್ಟುಕೊಂಡು ತಿರುಗುವುದಿಲ್ಲ ಅಲ್ವಾ.

ಗಂಭೀರವಾಗಿ ಹೇಳುತ್ತೇನೆ, ಇದು ದಪ್ಪದ ಪ್ರಶ್ನೆ. ರಿವೆಟ್ ಬೋಟಿನ ತಗಡು ಸಾಮಾನ್ಯವಾಗಿ 2ರಿಂದ 3 ಮಿಲಿಮೀಟರ್. ಅದಕ್ಕೆ ಹಾಕುವ 5052 ಅನ್ನುವ ಅಲ್ಯುಮಿನಿಯಂ ಮಿಶ್ರಲೋಹ ಚೆನ್ನಾಗಿ ಬಗ್ಗುತ್ತದೆ, ಹಾಗಾಗಿ ಬೇಕಾದ ವಕ್ರಕ್ಕೆ ಒತ್ತಬಹುದು. ಅಷ್ಟು ತೆಳುವಾದದ್ದನ್ನು ಕೈಯಲ್ಲಿ ವೆಲ್ಡ್ ಮಾಡಿದರೆ ಶಾಖಕ್ಕೆ ಸೊಟ್ಟಗಾಗುತ್ತದೆ. ಈ ಲೋಹದ ಗಟ್ಟಿತನವೂ ತಣ್ಣಗೆ ಒತ್ತಿ ಬಂದದ್ದು, ಕಾಯಿಸಿದರೆ ಬೆಸುಗೆಯ ಅಕ್ಕಪಕ್ಕ ಮೆತ್ತಗಾಗುತ್ತದೆ. ದಪ್ಪ ಹಾಳೆಯಾದರೆ ಆ ನಷ್ಟವನ್ನು ಮೊದಲೇ ಲೆಕ್ಕ ಹಾಕಿ ಕಟ್ಟಬಹುದು. ಪಶ್ಚಿಮ ಕರಾವಳಿಯಲ್ಲಿ ತಳಕ್ಕೆ ಸುಮಾರು 5ರಿಂದ 6 ಮಿಲಿಮೀಟರಿನ 5086 ಅನ್ನುವ ಇನ್ನೊಂದು ಮಿಶ್ರಲೋಹ ಹಾಕುತ್ತಾರೆ. ಅದು ಬೆಸುಗೆಗೂ ಉಪ್ಪುನೀರಿಗೂ ಒಗ್ಗುವ ಲೋಹ.

ವಾಲ್‌ಐ_ವೀರ:
ಒಂದು ತಿದ್ದುಪಡಿ. ಮಿನ್ನೆಸೋಟಾ ಅಂದರೆ ರಿವೆಟ್ ಅಂತ ಗೆರೆ ಎಳೆಯಬೇಡಿ. ಕ್ರೆಸ್ಟ್‌ಲೈನರ್ ಕಂಪನಿ ಕೂಡ ಅಲ್ಲಿಯದೇ, ವೆಲ್ಡ್ ಬೋಟಿಗೇ ಹೆಸರು ಮಾಡಿದ್ದು. ಒಂದೇ ರಾಜ್ಯದೊಳಗೇ ಈ ಜಗಳ ದಶಕಗಳಿಂದ ನಡೆದಿದೆ.

ಸುಮ್ನೆಇದ್ದೆ:
ಇಲ್ಲಿಯೂ ಈಗ ಶುರುವಾಯಿತು. ಯಾರಾದರೂ ಕಾಫಿ ತನ್ನಿ.

ತೀರದ_ತಿಮ್ಮಿ:
ಗಾಳಗುಂಡ ಅವರೇ, ನಾನು ಈ ಕಡೆಯವಳು. ನೀವು ನೋಡಿದ್ದರಲ್ಲಿ ಒಂದೊಂದಕ್ಕೂ ಕಾರಣ ಹೇಳುತ್ತೇನೆ. ಆಮೇಲೆ ಫ್ಯಾಷನ್ ಅನ್ನುತ್ತೀರೋ ಬಿಡುತ್ತೀರೋ ನಿಮಗೆ ಬಿಟ್ಟದ್ದು.

ಮರಿ ಮೋಟಾರು: ಸಾಲ್ಮನ್‌ಗೆ ಗಾಳವನ್ನು ತುಂಬಾ ನಿಧಾನಕ್ಕೆ ಎಳೆಯುತ್ತಾ ಗಂಟೆಗಟ್ಟಲೆ ಹೋಗಬೇಕು. ದೊಡ್ಡ ಮೋಟಾರನ್ನು ಅಷ್ಟು ಹೊತ್ತು ಕನಿಷ್ಠ ವೇಗದಲ್ಲಿ ಓಡಿಸುವುದು ಅದಕ್ಕೂ ಹಿತವಲ್ಲ, ಎಷ್ಟೋ ಸಲ ವೇಗ ಅಷ್ಟು ಕೆಳಗೆ ಇಳಿಯುವುದೂ ಇಲ್ಲ. ಜೊತೆಗೆ ದೊಡ್ಡದು ಕೈಕೊಟ್ಟರೆ ದಡ ಸೇರಲು ಇದೇ ಗತಿ. ಕೆರೆಯಲ್ಲಾದರೆ ಯಾರಾದರೂ ಎಳೆದು ತರುತ್ತಾರೆ. ಕೊಲಂಬಿಯಾ ನದಿ ಸಮುದ್ರ ಸೇರುವ ಬಾಯಲ್ಲಿ ಮೋಟಾರು ನಿಂತರೆ ಕಥೆ ಬೇರೆ.

ಚಾವಣಿ: ಮಳೆ, ಚಳಿ. ಕೆಲವರು ಒಳಗೆ ಹೀಟರ್ ಕೂಡ ಇಟ್ಟಿರುತ್ತಾರೆ. ಬೇಸಿಗೆಯಲ್ಲೂ ಇಲ್ಲಿನ ಸಮುದ್ರದ ನೀರು ಮೈ ಕೊರೆಯುತ್ತದೆ.

ದಪ್ಪ ತಳ: ನದಿಯಲ್ಲಿ ಬಂಡೆ, ಸಮುದ್ರದಲ್ಲಿ ತೇಲುವ ಮರದ ದಿಮ್ಮಿ. ಅರ್ಧ ಮುಳುಗಿದ ದಿಮ್ಮಿ ದೂರದಿಂದ ಕಾಣುವುದೇ ಇಲ್ಲ.

ಬಣ್ಣ ಇಲ್ಲದ್ದು: ಜಲ್ಲಿಕಲ್ಲಿನ ದಡಕ್ಕೆ ನೇರ ನುಗ್ಗಿಸಿ ಬೋಟು ನಿಲ್ಲಿಸುತ್ತೇವೆ. ಬಣ್ಣ ಇದ್ದರೆ ಕಿತ್ತು ಹೋಗುತ್ತದೆ. ಅಲ್ಯುಮಿನಿಯಂ ಮೇಲೆ ತಾನಾಗಿಯೇ ತೆಳು ಆಕ್ಸೈಡ್ ಪದರ ಕಟ್ಟುತ್ತದೆ, ಅದೇ ರಕ್ಷಣೆ. ಬಣ್ಣ ಬಳಿದ ಬೋಟಿನಲ್ಲಿ ಬಣ್ಣದಡಿ ಉಪ್ಪುನೀರು ಸೇರಿ ಗುಳ್ಳೆ ಎದ್ದರೆ ಅದು ಇನ್ನೂ ದೊಡ್ಡ ತಲೆನೋವು.

ಜೀವಂತ ತೊಟ್ಟಿ ನಮಗೆ ಬೇಡ. ಸಾಲ್ಮನ್ ನೇರ ಐಸಿಗೆ ಹೋಗುತ್ತದೆ.

ಗಾಳಗುಂಡ:
ಧನ್ಯವಾದ ತಿಮ್ಮಿ ಮೇಡಂ. ಡೌನ್‌ರಿಗ್ಗರ್ ಹಾಕಲು ನನ್ನ ಬೋಟಿನ ಅಂಚು ತಡೆದೀತಾ? ಅದೇ, ತಂತಿಗೆ ಭಾರದ ಗುಂಡು ಕಟ್ಟಿ ಗಾಳವನ್ನು ಆಳಕ್ಕೆ ಇಳಿಸುವುದು.

ತೀರದ_ತಿಮ್ಮಿ:
ಒಳಗಿನಿಂದ ಆಸರೆ ಹಲಗೆ ಕೊಡದೆ ಬೇಡ. ಗುಂಡು ನೆಲಕ್ಕೆ ಸಿಕ್ಕಿಕೊಂಡರೆ ಇಡೀ ಬೋಟಿನ ಭಾರ ಆ ಒಂದು ಜಾಗದ ಮೇಲೆ ಬೀಳುತ್ತದೆ. ಇಲ್ಲಿನ ಬೋಟುಗಳ ಅಂಚು ಅಷ್ಟು ದಪ್ಪಗೆ, ಅಗಲಕ್ಕೆ ಇರುವುದು ಅದಕ್ಕೂ ಹೌದು.

ವಾಲ್‌ಐ_ವೀರ:
ಮಿಷಿಗನ್ ಸರೋವರದಲ್ಲೂ ಸಾಲ್ಮನ್ ಇದೆ, ಡೌನ್‌ರಿಗ್ಗರ್ ಇದೆ. ರಿವೆಟ್ ಬೋಟಿಗೆ ಆಸರೆ ಕೊಟ್ಟು ಬೇಕಾದಷ್ಟು ಜನ ಹಾಕಿಕೊಂಡಿದ್ದಾರೆ. ಸುಮ್ನೆ ಹೆದರಿಸಬೇಡಿ ಮೇಡಂ.

ತೀರದ_ತಿಮ್ಮಿ:
ಹೆದರಿಸಲಿಲ್ಲ ಸರ್. ಆಸರೆ ಕೊಡದೆ ಬೇಡ ಅಂದೆ. ನೀವೂ ಆಸರೆ ಕೊಟ್ಟು ಅನ್ನುತ್ತಿದ್ದೀರಿ.

ಜೆಟ್_ಜಗ್ಗ:
ಜೆಟ್ ಬಗ್ಗೆ ಯಾರೂ ಬಾಯಿ ಬಿಡಲಿಲ್ಲವಲ್ಲ! ವಾಷಿಂಗ್ಟನ್‌ನ ಪೂರ್ವ ಅಂಚಿನಲ್ಲಿ ಕ್ಲಾರ್ಕ್‌ಸ್ಟನ್ ಅಂತ ಒಂದು ಸಣ್ಣ ಊರು. ಅಲ್ಲಿ ವೆಲ್ಡ್ ಅಲ್ಯುಮಿನಿಯಂ ಬೋಟು ಕಟ್ಟುವವರ ಗುಂಪೇ ಇದೆ. ಸಮುದ್ರ ಎಲ್ಲೋ ಇದೆ, ಇವರು ಯಾಕೆ ಅಲ್ಲಿ? ಸ್ನೇಕ್ ನದಿ, ಹೆಲ್ಸ್ ಕ್ಯಾನ್ಯನ್ ಕಾರಣ. ರಭಸದ ನೀರು, ಬಂಡೆ, ಕೆಲವು ಕಡೆ ನೀರೇ ತೆಳು. ಪ್ರೊಪೆಲ್ಲರ್ ಇಟ್ಟರೆ ಚೂರಾಗುತ್ತದೆ. ಜೆಟ್ ಆದರೆ ತಳದಿಂದ ನೀರು ಹೀರಿ ಹಿಂದಕ್ಕೆ ಉಗುಳುತ್ತದೆ, ಕೆಳಗೆ ಚಾಚಿಕೊಂಡ ಭಾಗವೇ ಇಲ್ಲ. ಇದಕ್ಕೆಲ್ಲ ಮೂಲ ಅಮೆರಿಕದ ನದಿಗಳೇ.

ದಕ್ಷಿಣಗಾಳಿ:
ಜಗ್ಗಣ್ಣ, ನಿಲ್ಲಿ ನಿಲ್ಲಿ. ನ್ಯೂಜಿಲೆಂಡ್‌ನವರು ಕೇಳಿದರೆ ಬಿಡುವುದಿಲ್ಲ. ನೀರು ಹೀರಿ ಉಗುಳುವ ಯೋಚನೆ ಹಳೆಯದು. ಆದರೆ ತೆಳು ನದಿಯಲ್ಲಿ ನಿಜವಾಗಿ ಓಡುವಂತೆ ಮಾಡಿದ್ದು ಅಲ್ಲಿನ ಬಿಲ್ ಹ್ಯಾಮಿಲ್ಟನ್, 1950ರ ದಶಕದಲ್ಲಿ. ಅಲ್ಲಿನ ನದಿಗಳು ಜಲ್ಲಿಯ ಮೇಲೆ ಹತ್ತಾರು ಕವಲಾಗಿ, ತೆಳುವಾಗಿ ಹರಿಯುತ್ತವೆ. ನೀರನ್ನು ಬೋಟಿನ ಅಡಿಯಲ್ಲಿ ಬಿಡುವ ಬದಲು ಹಿಂಬದಿಯಿಂದ, ನೀರಿನ ಮಟ್ಟಕ್ಕಿಂತ ಮೇಲೆ ಚಿಮ್ಮಿಸಿದಾಗ ವೇಗ ಬಂತು. 1960ರಲ್ಲಿ ಅವರ ಜೆಟ್ ಬೋಟುಗಳು ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಕೊಲರಾಡೋ ನದಿಯ ಹರಿವಿಗೆ ಎದುರಾಗಿ ಮೇಲೆ ಹತ್ತಿದವು.

ಜೆಟ್_ಜಗ್ಗ:
ಸರಿ, ಹ್ಯಾಮಿಲ್ಟನ್‌ಗೆ ನಮಸ್ಕಾರ. ಆದರೂ ಕ್ಲಾರ್ಕ್‌ಸ್ಟನ್‌ನವರು ಅದಕ್ಕೆ ಹೊಂದುವ ತಳ ಕಟ್ಟಿದ್ದು ಸುಳ್ಳಲ್ಲ.

ಕೊಳದಕಪ್ಪೆ:
ಜೆಟ್‌ಗೆ ಬೆಲೆಯೂ ಕೊಡಬೇಕು. ಜೆಟ್ ಔಟ್‌ಬೋರ್ಡ್‌ಗಳ, ಅಂದರೆ ಬೋಟಿನ ಹಿಂದೆ ಹೊರಗೆ ಕಟ್ಟುವ ಜೆಟ್ ಮೋಟಾರುಗಳ ಮೇಲೆ 60/40 ಅಂತ ಬರೆದಿರುತ್ತದೆ. ಎಂಜಿನ್ 60 ಅಶ್ವಶಕ್ತಿಯದು, ಕೆಲಸಕ್ಕೆ ಸಿಗುವುದು 40. ಮಿಸ್ಸೂರಿಯ ಓಜಾರ್ಕ್ ನದಿಗಳಲ್ಲಿ ಚಪ್ಪಟೆ ಬೋಟಿನ ತಳದ ಹಿಂದೆ ಒಂದು ಕಾಲುವೆಯಂಥ ತೋಡು ಮಾಡಿ ಜೆಟ್ಟನ್ನು ಇನ್ನೂ ಮೇಲಕ್ಕೆ ಏರಿಸುತ್ತಾರೆ.

ಪಕ್ಕದ ಅರ್ಕಾನ್ಸಾಸ್‌ನ ವೈಟ್ ರಿವರ್‌ನಲ್ಲಿ ಮತ್ತೆ ಬೇರೆ. ಅಲ್ಲಿ 20 ಅಡಿ ಉದ್ದದ ಕಿರಿದಾದ ಚಪ್ಪಟೆ ಬೋಟು ನೋಡಬೇಕು. ಬುಲ್ ಶೋಲ್ಸ್ ಅಣೆಕಟ್ಟಿನಲ್ಲಿ ವಿದ್ಯುತ್ ತೆಗೆಯುವಾಗ ನೀರು ಏರುತ್ತದೆ, ನಿಲ್ಲಿಸಿದರೆ ಇಳಿಯುತ್ತದೆ. ಎರಡಕ್ಕೂ ಒಂದೇ ಬೋಟು ಸಾಕಾಗಬೇಕು, ಟ್ರೌಟ್ ಹಿಡಿಯುವವರು ಹರಿವಿನ ಜೊತೆ ತೇಲಿ ಬರಬೇಕು.

ಹಳೇಹುಟ್ಟು:
ತಡವಾಗಿ ಬಂದೆ. ಒಂದು ಮಾತು ಎಲ್ಲರೂ ಬಿಟ್ಟಿದ್ದೀರಿ. ಈ ಬೋಟುಗಳಲ್ಲಿ ಎಷ್ಟೋ ಆಕಾರಗಳು ಅಲ್ಯುಮಿನಿಯಂಗಿಂತ ಹಳೆಯವು. ಓಜಾರ್ಕ್‌ನ ಉದ್ದ ಚಪ್ಪಟೆ ಬೋಟು ಮೊದಲು ಮರದ ಹಲಗೆಯದೇ. ಹಲಗೆ ನೇರ ಇರುತ್ತದೆ, ಅದಕ್ಕೇ ಡಬ್ಬಿಯ ಆಕಾರ.

ಒರೆಗಾನ್‌ನ ಮೆಕೆಂಜಿ ನದಿಯ ಡ್ರಿಫ್ಟ್ ಬೋಟು ಇನ್ನೂ ಚೆನ್ನಾದ ಉದಾಹರಣೆ. ತಳ ಚಪ್ಪಟೆ, ಆದರೆ ಎರಡೂ ತುದಿ ಮೇಲಕ್ಕೆ ಬಾಗಿದೆ. ನಡುಭಾಗ ಮಾತ್ರ ನೀರಿಗೆ ತಾಗುವುದರಿಂದ ಹುಟ್ಟಿನ ಒಂದೇ ಎಳೆತಕ್ಕೆ ಗಿರಕ್ಕನೆ ತಿರುಗುತ್ತದೆ. ಹುಟ್ಟು ಹಾಕುವವನು ಹರಿವಿನ ಕಡೆ ಮುಖ ಮಾಡಿ ಕೂತು, ಹಿಂದಕ್ಕೆ ಎಳೆಯುತ್ತಾ ವೇಗ ತಗ್ಗಿಸುತ್ತಾನೆ. ಮರದಲ್ಲಿ ಹುಟ್ಟಿದ ಈ ಆಕಾರವನ್ನು ಆಮೇಲೆ ಅಲ್ಯುಮಿನಿಯಂನಲ್ಲಿ ಹಾಗೇ ಕಟ್ಟಿದರು. ಆಗ ಹೊಸ ತೊಂದರೆ ಬಂತು. ಬೋಳು ಅಲ್ಯುಮಿನಿಯಂ ಬಂಡೆಯ ಮೇಲೆ ಜಾರುವುದಿಲ್ಲ, ಕಚ್ಚಿಕೊಳ್ಳುತ್ತದೆ. ಅದಕ್ಕೆ ತಳಕ್ಕೆ ಬೇರೆ ಲೇಪ ಬಳಿಯುತ್ತಾರೆ.

ಹೀಗೆ ನೋಡಿದರೆ ಲೋಹ ಹೊಸದು, ಯೋಚನೆ ಅಜ್ಜಂದಿರದ್ದು.

ರಿವೆಟ್_ರಾಯ:
ಹಾಗಾದರೆ ಲೋಹ ಏನನ್ನೂ ಬದಲಿಸಲೇ ಇಲ್ಲವಾ? ಇದು ಅತಿಯಾಯಿತು.

ಹಳೇಹುಟ್ಟು:
ಬದಲಿಸಿತು. ಭಾರ ಇಳಿಯಿತು, ಹಲಗೆ ಕೊಳೆಯುವ ಕಾಟ ತಪ್ಪಿತು. ಕಾರಿನ ಹಿಂದೆ ಎಳೆದುಕೊಂಡು ಹೋಗುವುದು ಸುಲಭವಾಯಿತು. ನಾನು ಹೇಳಿದ್ದು ಆಕಾರದ ಬಗ್ಗೆ.

ಉಪ್ಪುನೀರು:
ಎಳೆಯುವ ಮಾತು ಬಂತಲ್ಲ, ಆಸ್ಟ್ರೇಲಿಯಾಕ್ಕೆ ಬನ್ನಿ. ಅಲ್ಲಿ ಅಲ್ಯುಮಿನಿಯಂ ಬೋಟಿಗೆ ಟಿನ್ನಿ ಅನ್ನುತ್ತಾರೆ. ಸಣ್ಣದನ್ನು ಕಾರಿನ ತಲೆಯ ಮೇಲೇ ಕಟ್ಟಿಕೊಂಡು ಹೋಗುತ್ತಾರೆ. ಉತ್ತರದಲ್ಲಿ ಬಾರಮಂಡಿ ಹಿಡಿಯುವ ಹೊಳೆಗಳಿಗೆ ನೂರಾರು ಕಿಲೋಮೀಟರ್ ಮಣ್ಣು ರಸ್ತೆ. ಅದು ಸಾಲು ಸಾಲು ಉಬ್ಬು ಬಿದ್ದು ಹಲ್ಲು ಅಲುಗಾಡಿಸುವ ರಸ್ತೆ. ಬೋಟು ನೀರಿನಲ್ಲಿ ತಿನ್ನುವ ಪೆಟ್ಟಿಗಿಂತ ಟ್ರೇಲರ್ ಮೇಲೆ ತಿನ್ನುವ ಪೆಟ್ಟು ಜಾಸ್ತಿ. ಬೆಸುಗೆ ಬಿರುಕು ಬಿಡುವುದು ಎಷ್ಟೋ ಸಲ ರಸ್ತೆಯಲ್ಲೇ.

ಅಲ್ಲಿ ಎರಡು ಪಂಥ. ಒಂದು, ತೆಳು ಹಾಳೆಯನ್ನು ಒತ್ತಿ ಬಾಗಿಸಿ ಮಾಡುವ ಕ್ವಿಂಟ್ರೆಕ್ಸ್ ಥರದ್ದು. ಮೂತಿ ಹೊರಕ್ಕೆ ಅರಳಿದ್ದು, ನೀರನ್ನು ಪಕ್ಕಕ್ಕೆ ತಳ್ಳುತ್ತದೆ. ಹಗುರ, ಸಣ್ಣ ಮೋಟಾರು ಸಾಕು. ಇನ್ನೊಂದು, ದಪ್ಪ ಹಾಳೆ ಕತ್ತರಿಸಿ ಬೆಸೆಯುವ ಪ್ಲೇಟ್ ಬೋಟು. ಅದು ಹೊರಸಮುದ್ರಕ್ಕೆ ಹೋಗುವವರದ್ದು. ಹೀಟರ್ ಇಲ್ಲ, ಎಲ್ಲದಕ್ಕೂ ನೆರಳಿನ ಬಟ್ಟೆ ಮಾತ್ರ ಬೇಕೇ ಬೇಕು. ಬಿಸಿಲಿಗೆ ಕಾದ ಅಲ್ಯುಮಿನಿಯಂ ಮೇಲೆ ಬರಿಗಾಲು ಇಟ್ಟು ನೋಡಿ, ಗೊತ್ತಾಗುತ್ತದೆ.

ದಕ್ಷಿಣಗಾಳಿ:
ಪಕ್ಕದ ನ್ಯೂಜಿಲೆಂಡ್‌ನಲ್ಲಿ ಮತ್ತೊಂದು ದಾರಿ. ಬೋಟಿನ ಎರಡೂ ಬದಿಗೆ ಗಾಳಿ ತುಂಬಿ ಮುಚ್ಚಿದ ಅಲ್ಯುಮಿನಿಯಂ ಕೊಳವೆ. ರಬ್ಬರ್ ಗಾಳಿ ಬೋಟಿನ ಯೋಚನೆಯನ್ನು ಲೋಹದಲ್ಲಿ ಮಾಡಿದಂತೆ. 1987ರಲ್ಲಿ ಇನ್ವರ್‌ಕಾರ್ಗಿಲ್‌ನಲ್ಲಿ ಶುರುವಾದ ಸ್ಟೇಬಿಕ್ರಾಫ್ಟ್ ಇದಕ್ಕೆ ಹೆಸರುವಾಸಿ. ಆ ಊರಿನ ಮುಂದಿರುವ ಫೋವೋ ಜಲಸಂಧಿ ಗಾಳಿಗೂ ಅಲೆಗೂ ಕುಖ್ಯಾತ. ನಿಂತಾಗ ಎಲ್ಲರೂ ಒಂದೇ ಬದಿಗೆ ಬಂದರೂ ಕೊಳವೆ ಎತ್ತಿ ಹಿಡಿಯುತ್ತದೆ. ತೊಂದರೆ ಏನೆಂದರೆ ಒಳಗಿನ ಜಾಗವನ್ನು ಕೊಳವೆ ನುಂಗುತ್ತದೆ. ಟ್ರೇಲರ್ ಅಗಲಕ್ಕೆ ಕಾನೂನಿನ ಮಿತಿ ಇರುವುದರಿಂದ ಹೊರಕ್ಕೆ ಹಿಗ್ಗಿಸುವಂತೆಯೂ ಇಲ್ಲ.

ಬೆಸುಗೆಭಟ್ಟ:
ಅಗಲದ ಮಿತಿ ಎಲ್ಲ ಕಡೆಯ ಬೋಟನ್ನೂ ಕಟ್ಟಿಹಾಕಿದೆ. ಅಮೆರಿಕದಲ್ಲಿ ಎಂಟೂವರೆ ಅಡಿ, ಆಸ್ಟ್ರೇಲಿಯಾದಲ್ಲಿ ಎರಡೂವರೆ ಮೀಟರ್. ಅದಕ್ಕೇ ಅಷ್ಟೊಂದು ಬೋಟುಗಳು ಆ ಗೆರೆಗೆ ಬಂದು ನಿಲ್ಲುತ್ತವೆ.

ಮಂಜುಗಡ್ಡೆ:
ಫಿನ್ಲೆಂಡ್, ಸ್ವೀಡನ್ ಕಡೆ ಯಾರೂ ಹೋಗಲಿಲ್ಲ. ಅಲ್ಲಿ ಸಾವಿರಾರು ಸಣ್ಣ ದ್ವೀಪಗಳು, ನುಣುಪಾದ ಬಂಡೆಯ ದಡ. ಬಾಲ್ಟಿಕ್‌ನಲ್ಲಿ ಉಬ್ಬರ ಇಳಿತ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಬೋಟಿನ ಮೂತಿಯನ್ನು ಬಂಡೆಗೆ ತಾಗಿಸಿ ನೇರ ಇಳಿದು ಹೋಗುತ್ತಾರೆ. ಬಸ್ಟರ್ ಥರದ ಬೋಟುಗಳಲ್ಲಿ ಮುಂದೆ ಕಾಲಿಡಲು ಜಾಗ, ನಡುವೆ ನಡೆದು ಹೋಗುವ ದಾರಿ ಇರುವುದು ಅದಕ್ಕೆ. ಮೀನಷ್ಟೇ ಅಲ್ಲ, ಬೇಸಿಗೆ ಮನೆಗೆ ಸೌದೆ, ದಿನಸಿ, ನಾಯಿ ಎಲ್ಲವೂ ಅದರಲ್ಲೇ. ಅಮೆರಿಕದವರ ಬೋಟಿನಲ್ಲಿ ಒಂದೊಂದು ಮೀನಿಗೆ ಒಂದೊಂದು ಸಾಮಾನು. ಇವರದ್ದು ಖಾಲಿ ಖಾಲಿ. ನನಗೆ ಅದೇ ಇಷ್ಟ.

ಕೊಳದಕಪ್ಪೆ:
ನಾಯಿಗೂ ಜಾಗ ಇದೆ ಅಂದರೆ ಮುಗಿಯಿತು, ನನ್ನ ವೋಟು ಅದಕ್ಕೇ.

ಸುಮ್ನೆಇದ್ದೆ:
ನಾಯಿ ಅಂದರೆ ನೆನಪಾಯಿತು. ಅಲ್ಯುಮಿನಿಯಂ ಬೋಟಿನಲ್ಲಿ ಅಲೆ ಬಡಿಯುವ ಡಬ ಡಬ ಶಬ್ದಕ್ಕೆ ನಮ್ಮದು ಬೆಂಚಿನಡಿ ಸೇರಿಬಿಡುತ್ತದೆ. ಇದಕ್ಕೆ ಏನಾದರೂ ಪರಿಹಾರ?

ಬೆಸುಗೆಭಟ್ಟ:
ನೆಲದಡಿ ಫೋಮ್ ತುಂಬಿದ್ದರೆ ಶಬ್ದ ಕಡಿಮೆ. ಅಮೆರಿಕದಲ್ಲಿ 20 ಅಡಿಗಿಂತ ಚಿಕ್ಕ ಮೋಟಾರು ಬೋಟು ನೀರು ತುಂಬಿದರೂ ತೇಲಬೇಕು ಅಂತ ನಿಯಮ ಇದೆ, ಹಾಗಾಗಿ ಹೆಚ್ಚಿನವುಗಳಲ್ಲಿ ಫೋಮ್ ಇರುತ್ತದೆ. ಆದರೆ ಹಳೆಯ ಬೋಟಿನಲ್ಲಿ ಫೋಮ್ ನೀರು ಕುಡಿದು ಭಾರವಾಗಿರಬಹುದು. ಕೊಳ್ಳುವ ಮೊದಲು ತೂಗಿಸಿ ನೋಡಿ.

ಜೆಟ್_ಜಗ್ಗ:
ನೀರು, ಮೀನು, ರಸ್ತೆ ಎಲ್ಲ ಆಯಿತು. ಬೋಟಿನ ಆಕಾರವನ್ನು ಪೂರ್ತಿ ಕಾನೂನೇ ಮಾಡಿದ ಜಾಗ ಬೇಕಾ? ಅಲಾಸ್ಕಾದ ಬ್ರಿಸ್ಟಲ್ ಬೇ. ಅಲ್ಲಿ ಬಲೆ ಹಾಕಿ ಸಾಲ್ಮನ್ ಹಿಡಿಯುವ ಬೋಟು 32 ಅಡಿ ಮೀರುವಂತಿಲ್ಲ. 1951ರವರೆಗೆ ಮೋಟಾರಿಗೂ ಅವಕಾಶ ಇರಲಿಲ್ಲ, ಹಾಯಿ ದೋಣಿಯಲ್ಲೇ ಹಿಡಿಯಬೇಕಿತ್ತು. ಮೋಟಾರು ಬಂತು, ಉದ್ದದ ಮಿತಿ ಉಳಿಯಿತು. ಉದ್ದಕ್ಕೆ ಬೆಳೆಯಲಾಗದ್ದು ಅಗಲಕ್ಕೆ ಬೆಳೆಯಿತು. ಈಗ 32 ಅಡಿ ಉದ್ದಕ್ಕೆ 16 ಅಡಿ ಅಗಲದ ಅಲ್ಯುಮಿನಿಯಂ ಬೋಟುಗಳಿವೆ, ತೆಳು ನೀರಿಗೆ ಹೋಗಲು ಜೆಟ್ ಬೇರೆ. ಡಬ್ಬಿ ಅಂದರೆ ಡಬ್ಬಿ!

ಹಳೇಹುಟ್ಟು:
ಇದನ್ನು ಮೊದಲೇ ಹೇಳಿದ್ದರೆ ನನ್ನ ಮರದ ಹಲಗೆ ವಾದ ಅರ್ಧಕ್ಕೇ ನಿಲ್ಲುತ್ತಿತ್ತು.

ಗಾಳಗುಂಡ:
ಇಷ್ಟೆಲ್ಲ ಓದಿದ ಮೇಲೆ ಮಾರುವ ಯೋಚನೆ ಸದ್ಯಕ್ಕೆ ಬಿಟ್ಟೆ. ಆದರೆ ಈ ಕಡೆ ಅದನ್ನು ಎಲ್ಲಿ ಇಳಿಸಲಿ?

ತೀರದ_ತಿಮ್ಮಿ:
ಕ್ಯಾಸ್ಕೇಡ್ ಬೆಟ್ಟ ದಾಟಿ ಪೂರ್ವಕ್ಕೆ ಹೋಗಿ. ಬ್ಯಾಂಕ್ಸ್ ಲೇಕ್, ಪಾಟ್‌ಹೋಲ್ಸ್ ಜಲಾಶಯ, ಕೊಲಂಬಿಯಾದ ಮೇಲ್ಭಾಗ, ಎಲ್ಲ ಕಡೆ ವಾಲ್‌ಐ ಇದೆ. ಅಲ್ಲಿ ನಿಮ್ಮ ಬೋಟೇ ಸರಿ, ನಮ್ಮದೇ ದಂಡದ ಭಾರ. ಸಮುದ್ರದ ಕಡೆ ಇಳಿಸುವುದಾದರೆ ಗಾಳಿ ಇಲ್ಲದ ದಿನ ನೋಡಿ, ಒಳಕೊಲ್ಲಿಯಲ್ಲೇ ಇರಿ. ಕಾರ್ಪೆಟ್ ಕಿತ್ತುಹಾಕಿ, ಉಪ್ಪು ಹಿಡಿದಿಟ್ಟುಕೊಳ್ಳುತ್ತದೆ. ಬಂದ ಮೇಲೆ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ.

ಬೆಸುಗೆಭಟ್ಟ:
ಮೋಟಾರಿಗೆ ಕಟ್ಟಿರುವ ಆನೋಡ್, ಅಂದರೆ ಮೋಟಾರಿನ ಬದಲು ತಾನು ಸವೆದು ಅದನ್ನು ಉಳಿಸುವ ತುಂಡು, ಯಾವ ಲೋಹದ್ದು ಅಂತ ಮೊದಲು ನೋಡಿ. ಸಿಹಿನೀರಿನ ಬೋಟಾದ್ದರಿಂದ ಮೆಗ್ನೀಸಿಯಂ ಇರಬಹುದು. ಉಪ್ಪುನೀರಿನಲ್ಲಿ ಅದು ಬೇಗ ಕರಗಿ ಹೋಗುತ್ತದೆ. ಸತು ಅಥವಾ ಅಲ್ಯುಮಿನಿಯಂ ಆನೋಡ್ ಹಾಕಿಸಿ. ತಳಕ್ಕೆ ತಾಮ್ರ ಇರುವ ಬಣ್ಣ ಯಾವ ಕಾರಣಕ್ಕೂ ಬಳಿಯಬೇಡಿ, ಅಲ್ಯುಮಿನಿಯಂ ತೂತು ಬೀಳುತ್ತದೆ. ಟ್ರೇಲರ್ ಮೇಲಿನ ಮರದ ಪಟ್ಟಿ ಔಷಧಿ ಹಾಕಿದ ಮರದ್ದಾದರೆ ಅದರಲ್ಲೂ ತಾಮ್ರ ಇರಬಹುದು, ಅದನ್ನೂ ಪರೀಕ್ಷಿಸಿ. ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

ಗಾಳಗುಂಡ:
ಟ್ರೇಲರ್ ಪಟ್ಟಿಯ ವಿಷಯ ತಲೆಗೇ ಹೋಗಿರಲಿಲ್ಲ ಭಟ್ಟರೇ. ನಾಳೆಯೇ ನೋಡುತ್ತೇನೆ.

ರಿವೆಟ್_ರಾಯ:
ನೋಡುವಾಗ ರಿವೆಟ್ ಸಾಲನ್ನೂ ಪರೀಕ್ಷಿಸಿ. ಟ್ರೇಲರ್ ಮೇಲೆ ಇರುವಾಗಲೇ ಬೋಟಿನೊಳಗೆ ಸ್ವಲ್ಪ ನೀರು ತುಂಬಿ, ತಳದಲ್ಲಿ ಎಲ್ಲಿ ಹನಿ ಕಟ್ಟುತ್ತದೆ ಅಂತ ಚಾಕ್‌ನಲ್ಲಿ ಗುರುತು ಹಾಕಿ. ಜಾಸ್ತಿ ತುಂಬಬೇಡಿ, ಭಾರಕ್ಕೆ ಟ್ರೇಲರ್ ಕುಸಿದೀತು. ಹನಿ ಕಟ್ಟಿದ ರಿವೆಟ್ಟನ್ನು ಬಡಿದರೆ ಸಾಕು. ಮತ್ತೆ ಹತ್ತು ವರ್ಷ ಚಿಂತೆ ಇಲ್ಲ.

ಬೆಸುಗೆಭಟ್ಟ:
ಹತ್ತು ವರ್ಷವಾ? ಉಪ್ಪುನೀರಿನಲ್ಲಿ?

ರಿವೆಟ್_ರಾಯ:
ಇದಕ್ಕೆ ಬೇರೆ ಥ್ರೆಡ್ ತೆರೆಯುತ್ತೇನೆ, ಅಲ್ಲಿಗೆ ಬನ್ನಿ.